ನವೆಂಬರ್‌ನಲ್ಲಿ ಪುದುಚೇರಿ: ಕೋಣೆಗೆ ಹಣ ಕಟ್ಟುವ ಮುನ್ನ

ಪ್ರಶ್ನೆ: ನಾವು ದಾವಣಗೆರೆಯವರು. ದೀಪಾವಳಿ ಗಲಾಟೆ ಮುಗಿದ ಮೇಲೆ, ನವೆಂಬರ್ ಮಧ್ಯದಲ್ಲಿ ಮೂರು ರಾತ್ರಿ ಪುದುಚೇರಿಯಲ್ಲಿ ತಂಗಬೇಕೆಂದಿದ್ದೇವೆ. ನಾನು, ಯಜಮಾನರು, ಎಂಟು ವರ್ಷದ ಮಗ ಮತ್ತು ನಮ್ಮ ಅತ್ತೆ. ಅತ್ತೆಗೆ 72 ವರ್ಷ, ಮಂಡಿನೋವು, ಶುದ್ಧ ಸಸ್ಯಾಹಾರಿ. ಅರವಿಂದಾಶ್ರಮ ನೋಡಬೇಕೆಂಬುದು ಅವರ ಬಹುದಿನದ ಆಸೆ. ವೈಟ್ ಟೌನ್‌ನಲ್ಲಿ ಹಳೆಯ ಫ್ರೆಂಚ್ ಮನೆಯೊಂದನ್ನು ಹೋಟೆಲ್ ಮಾಡಿದ್ದಾರೆ, ಮೊದಲ ಮಹಡಿಯಲ್ಲಿ ‘ಸೀ ವ್ಯೂ’ ಕೋಣೆ ಸಿಗುತ್ತಿದೆ. ಈಗಲೇ ಪೂರ್ತಿ ಹಣ ಕಟ್ಟಿದರೆ ರಿಯಾಯಿತಿ, ಆದರೆ ರದ್ದು ಮಾಡಿದರೆ ಹಣ ವಾಪಸ್ ಇಲ್ಲ. ನೆಂಟರೊಬ್ಬರು ‘ಅಲ್ಲಿ ಬೀಚೇ ಇಲ್ಲ, ಬರೀ ಕಲ್ಲುಬಂಡೆ, ಊರಾಚೆಯ ಆರೋವಿಲ್ ಕಡೆ ರೆಸಾರ್ಟ್ ಮಾಡಿ’ ಎನ್ನುತ್ತಾರೆ. ಇನ್ನೊಬ್ಬರು ನವೆಂಬರ್‌ನಲ್ಲಿ ಚಂಡಮಾರುತ ಬರುತ್ತದೆ ಎಂದು ಹೆದರಿಸಿದ್ದಾರೆ. ಮಗನಿಗೆ ಸಮುದ್ರದಲ್ಲಿ ಆಡಬೇಕು, ಯಜಮಾನರಿಗೆ ಸಮುದ್ರದ ಮೇಲೆ ಸೂರ್ಯಾಸ್ತದ ಫೋಟೊ ಬೇಕು. ಕಾರಿನಲ್ಲೇ ಹೋಗೋಣ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಯಾವ ಕೋಣೆ ಎಂದು. ಆದರೆ ನಿಮ್ಮ ಪತ್ರದಲ್ಲಿ ಮೊದಲು ಸರಿಹೋಗಬೇಕಾದದ್ದು ತಿಂಗಳು. ತಿಂಗಳು ಗಟ್ಟಿಯಾದ ಮೇಲೆ ಬೀದಿ, ಬೀದಿ ಗೊತ್ತಾದ ಮೇಲೆ ಕೋಣೆ. ಈ ಕ್ರಮ ತಲೆಕೆಳಗಾದಾಗಲೇ ಜನ ಹಣ ಕಳೆದುಕೊಳ್ಳುವುದು. ಅಷ್ಟರವರೆಗೆ ಆ ‘ವಾಪಸ್ ಇಲ್ಲ’ ಕೋಣೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಕರ್ನಾಟಕದಿಂದ ಹೋಗುವವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ನಮ್ಮ ಮಳೆಯ ಲೆಕ್ಕವನ್ನು ಆ ಕರಾವಳಿಗೂ ಹಾಕುವುದು. ನಮಗೆ ಮುಂಗಾರೇ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ತನ್ನ ನೀರನ್ನೆಲ್ಲ ಈಚೆಗೇ ಇಳಿಸಿಬಿಡುತ್ತದೆ. ಘಟ್ಟದ ಮರೆಯಲ್ಲಿರುವ ಕೋರಮಂಡಲ ಕರಾವಳಿಗೆ ಸಿಗುವುದು ಸಂಜೆಯ ಒಂದಷ್ಟು ಗುಡುಗು ಮಳೆ ಮಾತ್ರ. ಅಕ್ಟೋಬರ್ ಕೊನೆಯ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುತ್ತದೆ, ಬಂಗಾಳ ಕೊಲ್ಲಿಯ ಮೇಲೆ ಹಾದು ಬರುವಾಗ ತೇವ ತುಂಬಿಕೊಳ್ಳುತ್ತದೆ. ಹಿಂಗಾರು ನಮ್ಮ ಹೊಲಗಳಲ್ಲಿ ಸ್ವಾತಿ, ವಿಶಾಖ ಎಂದು ಹನಿಸಿ ಹೋಗುವ ದಿನಗಳಲ್ಲೇ ಪುದುಚೇರಿಯಲ್ಲಿ ಅದು ಸುರಿಯುತ್ತದೆ. ಆ ಊರಿನ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್–ಡಿಸೆಂಬರ್‌ ನಡುವೆಯೇ ಬೀಳುತ್ತದೆ, ಅದರಲ್ಲೂ ನವೆಂಬರ್‌ನದೇ ದೊಡ್ಡ ಪಾಲು. ನೀವು ಚಳಿಗಾಲವೆಂದು ಆರಿಸಿದ ತಿಂಗಳು ಅವರ ನಡು ಮಳೆಗಾಲ.

ಹಾಗೆಂದು ನವೆಂಬರ್‌ನ ಪ್ರತಿದಿನವೂ ಚಂಡಮಾರುತವಲ್ಲ. ನಿಮ್ಮನ್ನು ಹೆದರಿಸಿದವರ ಮಾತಿನಲ್ಲಿ ಅರ್ಧ ನಿಜವಿದೆ. ಎರಡು ದಿನ ಸುರಿದು ಮೂರನೆಯ ದಿನ ತೊಳೆದಿಟ್ಟಂತೆ ಬಿಸಿಲು ಬರುವುದೂ ಉಂಟು. ಆದರೆ ಕೆಟ್ಟದ್ದು ಬಂದಾಗ ತೀರಾ ಕೆಟ್ಟದಾಗಿ ಬರುತ್ತದೆ. 2011ರ ಡಿಸೆಂಬರ್ 30ರಂದು ‘ಥಾನೆ’ ಚಂಡಮಾರುತ ಪುದುಚೇರಿ–ಕಡಲೂರು ನಡುವೆ ನೆಲಕ್ಕಪ್ಪಳಿಸಿದಾಗ ಊರಿನ ಮರಗಳು ಬುಡಮೇಲಾದವು. 2024ರ ನವೆಂಬರ್ 30ರ ರಾತ್ರಿ ‘ಫೆಂಗಲ್’ ಪುದುಚೇರಿಯ ಬಳಿ ದಡ ದಾಟಿ ಅಲ್ಲೇ ನಿಧಾನಿಸಿತು. 24 ಗಂಟೆಗಳಲ್ಲಿ 45 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿದು ಬೀದಿಬೀದಿಗೆ ನೀರು ನುಗ್ಗಿತು. ಪ್ರತಿ ವರ್ಷ ಹೀಗಾಗುವುದಿಲ್ಲ ನಿಜ, ಆದರೆ ಹಣ ವಾಪಸ್ ಬಾರದ ಕೋಣೆಯನ್ನು ಈ ಋತುವಿನಲ್ಲಿ ತಿಂಗಳುಗಟ್ಟಲೆ ಮೊದಲೇ ಹಿಡಿಯುವುದು ಜೂಜು.

ಹಾಗಾದರೆ ಯಾವಾಗ? ಪೊಂಗಲ್ ಮುಗಿದ ಮೇಲೆ, ಜನವರಿ 18ರ ನಂತರ. ಗಣರಾಜ್ಯೋತ್ಸವದ ರಜೆ ಶನಿವಾರ–ಭಾನುವಾರಕ್ಕೆ ಅಂಟಿಕೊಂಡಿದ್ದರೆ ಅದನ್ನು ಬಿಡಿ. ಫೆಬ್ರವರಿಯ ಮೊದಲ ಎರಡು ವಾರ ಇನ್ನೂ ಒಳ್ಳೆಯದು: ಮಳೆ ಹಿಂದೆ ಸರಿದಿರುತ್ತದೆ, ಸಮುದ್ರ ಸ್ವಲ್ಪ ತಣಿದಿರುತ್ತದೆ, ಬೆಳಿಗ್ಗೆ ನಡೆಯಲು ಹಿತ. ಫೆಬ್ರವರಿ 21 ಅರವಿಂದರ ಸಹಸಾಧಕಿ ಶ್ರೀಮಾತೆಯವರ ಜನ್ಮದಿನ, ಆಶ್ರಮದ ದರ್ಶನ ದಿನಗಳಲ್ಲೊಂದು. ಆಗ ಸುತ್ತಮುತ್ತ ಕೋಣೆ ಸಿಗುವುದು ಕಷ್ಟ. ಏಪ್ರಿಲ್ 24, ಆಗಸ್ಟ್ 15 ಮತ್ತು ನವೆಂಬರ್ 24ರ ಆಸುಪಾಸಿನಲ್ಲೂ ಅಷ್ಟೇ. ನೀವು ಹೇಳಿದ ನವೆಂಬರ್ ಮಧ್ಯ ಒಂದು ವಾರ ಮುಂದೆ ಜಾರಿದರೂ ಆ ಗುಂಪಿಗೆ ಸಿಕ್ಕಿಬೀಳುತ್ತೀರಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ದುಬಾರಿ, ಗದ್ದಲ. ಮಗನ ಶಾಲೆಯ ರಜೆಯಲ್ಲೇ ಆಗಬೇಕೆಂದರೆ ದಸರಾ ರಜೆ ನೋಡಿ. ಹಿಂಗಾರು ಕಾಲಿಡುವ ವಾಡಿಕೆಯ ದಿನ ಅಕ್ಟೋಬರ್ 20ರ ಸುಮಾರು. ಅದಕ್ಕೂ ಮೊದಲಿನ ಎರಡು ವಾರ ಸೆಖೆ ಇರುತ್ತದೆ, ಆದರೆ ಪ್ರವಾಸ ಕೆಡುವ ಭಯ ಕಡಿಮೆ. ಬೇಸಿಗೆ ರಜೆ ಅತ್ತೆಯವರ ದೃಷ್ಟಿಯಿಂದ ಬೇಡವೇ ಬೇಡ. ಮಧ್ಯಾಹ್ನ ಕಡಲ ಗಾಳಿ ಬೀಸುವವರೆಗೆ ಹೊರಗೆ ಕಾಲಿಡಲಾಗುವುದಿಲ್ಲ.

ಜನವರಿ–ಫೆಬ್ರವರಿಯಲ್ಲಿ ಶಾಲೆಗೆ ಎರಡು-ಮೂರು ದಿನ ರಜೆ ಹಾಕಬೇಕಾಗುತ್ತದೆ. ಹಾಕುವುದಾದರೆ ಭಾನುವಾರ ರಾತ್ರಿಯಿಂದ ಬುಧವಾರದವರೆಗೆ ಹಾಕಿ. ಬೆಂಗಳೂರು, ಚೆನ್ನೈಗಳ ವಾರಾಂತ್ಯದ ಜನ ಭಾನುವಾರ ಮಧ್ಯಾಹ್ನವೇ ಕಾಲು ಕೀಳುತ್ತಾರೆ. ಅದೇ ಕೋಣೆ, ಅದೇ ಬೀದಿ ಸೋಮವಾರ ಬೆಳಿಗ್ಗೆ ಬೇರೆಯೇ ಊರು. ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ, ಅಷ್ಟು ನೆನಪಿರಲಿ.

ಇನ್ನು ಕಲ್ಲುಬಂಡೆಯ ವಿಷಯ. ನೆಂಟರು ಹೇಳಿದ್ದು ಸುಳ್ಳಲ್ಲ, ಆದರೆ ಅದರಿಂದ ಅವರು ತೆಗೆದ ತೀರ್ಮಾನ ಸರಿಯಲ್ಲ. ಗೌಬರ್ಟ್ ಅವೆನ್ಯೂ, ಅಂದರೆ ಎಲ್ಲರೂ ಬೀಚ್ ರೋಡ್ ಎನ್ನುವ ರಸ್ತೆಯ ಉದ್ದಕ್ಕೂ ಸಮುದ್ರದ ಅಂಚಿಗೆ ಕರಿಬಂಡೆಗಳನ್ನು ಪೇರಿಸಿದ್ದಾರೆ. ಒಂದು ಕಾಲಕ್ಕೆ ಅಲ್ಲಿ ಮರಳೇ ಇತ್ತು. ಈ ಕರಾವಳಿಯಲ್ಲಿ ವರ್ಷದ ಹೆಚ್ಚು ಕಾಲ ಅಲೆಗಳು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. 1980ರ ದಶಕದ ಕೊನೆಯಲ್ಲಿ ಊರಿನ ದಕ್ಷಿಣಕ್ಕೆ, ಅರಿಯಾಂಕುಪ್ಪಂ ನದಿ ಸಮುದ್ರ ಸೇರುವಲ್ಲಿ ಬಂದರಿಗಾಗಿ ಅಲೆತಡೆ ಗೋಡೆಗಳನ್ನು ಚಾಚಿದರು. ಬರುತ್ತಿದ್ದ ಮರಳು ಗೋಡೆಯ ದಕ್ಷಿಣಕ್ಕೇ ಗುಡ್ಡೆಯಾಯಿತು. ಉತ್ತರದ ದಡದಿಂದ ಅಲೆ ಎಂದಿನಂತೆ ಮರಳನ್ನು ಕೊಂಡೊಯ್ಯುತ್ತಲೇ ಇತ್ತು, ಹೊಸದು ಬಂದು ತುಂಬುವುದು ನಿಂತಿತು. ದಡ ಕರಗಿತು, ರಸ್ತೆ ಉಳಿಸಲು ಬಂಡೆ ಹಾಕಿದರು. ಉಳ್ಳಾಲದ ಕಡಲ್ಕೊರೆತದ ಸುದ್ದಿ ಓದಿದವರಿಗೆ ಇದು ಹೊಸದೇನೂ ಅಲ್ಲ. ಈಚೆಗೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೀರಿನಡಿ ಕೃತಕ ದಿಬ್ಬವೊಂದನ್ನು ಕೂರಿಸಿದ ಮೇಲೆ ಗಾಂಧಿ ಪ್ರತಿಮೆಯ ಉತ್ತರಕ್ಕೆ, ಸಚಿವಾಲಯದ ಮುಂದೆ ಒಂದು ತುಂಡು ಮರಳದಡ ಮರಳಿ ಬಂದಿದೆ. ಋತುವಿಗೆ ತಕ್ಕಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಸಂಜೆ ಮಗ ಮರಳಲ್ಲಿ ಗೂಡು ಕಟ್ಟಲು ಅಷ್ಟು ಸಾಕು.

ನೆಂಟರು ಗಮನಿಸದೆ ಬಿಟ್ಟದ್ದು ಬೇರೆ. ದಡ ಕರಗುವುದು ಊರಿನ ಮುಂದೆಯೇ ನಿಲ್ಲುವುದಿಲ್ಲ, ಉತ್ತರಕ್ಕೆ ಹಬ್ಬುತ್ತಾ ಹೋಗುತ್ತದೆ. ಕೋಟ್ಟಕುಪ್ಪಂ, ಚಿನ್ನ ಮುದಲಿಯಾರ್ ಚಾವಡಿಯ ದಡಗಳನ್ನೂ ಅದು ಬಿಟ್ಟಿಲ್ಲ. ಸೆರೆನಿಟಿ ಬೀಚ್, ಆರೋ ಬೀಚ್ ಎಂದು ಅಂತರ್ಜಾಲದಲ್ಲಿ ತೋರಿಸುವ ಅಗಲವಾದ ಮರಳಿನ ಚಿತ್ರಗಳಲ್ಲಿ ಎಷ್ಟೋ ಹಳೆಯವು. ಬೀಚ್ ರೆಸಾರ್ಟ್ ಎಂದು ಆ ಕಡೆ ಕೋಣೆ ಹಿಡಿಯುವವರು ಒಂದು ಕೆಲಸ ಮಾಡಿ: ಕಳೆದ ಎರಡು ತಿಂಗಳಲ್ಲಿ ತಂಗಿದವರು ಹಾಕಿದ ಫೋಟೊಗಳನ್ನೇ ಹುಡುಕಿ ನೋಡಿ. ಹೋಟೆಲ್ ಹಾಕಿದ ಚಿತ್ರ ನಂಬಬೇಡಿ.

ಮಗ ಸಮುದ್ರದಲ್ಲಿ ಆಡುವ ಬಗ್ಗೆ ನೇರವಾಗಿ ಹೇಳುತ್ತೇನೆ. ಪುದುಚೇರಿಯ ಸಮುದ್ರ ನೋಡಲಿಕ್ಕೆ ಚೆಂದ, ಇಳಿಯಲಿಕ್ಕೆ ಅಲ್ಲ. ಇಲ್ಲಿ ದಡ ಥಟ್ಟನೆ ಆಳಕ್ಕಿಳಿಯುತ್ತದೆ. ಅಲೆ ದೂರದಿಂದ ಮೆಲ್ಲಗೆ ಹರಡಿಕೊಂಡು ಬರುವುದಿಲ್ಲ, ದಡದ ಹತ್ತಿರ ಬಂದು ಒಮ್ಮೆಗೇ ಮಗುಚಿಕೊಳ್ಳುತ್ತದೆ. ಹಾಗೆ ಬಂದ ನೀರು ಹಿಂತಿರುಗುವಾಗ ಒಂದು ಕಿರಿದಾದ ಜಾಗ ಹುಡುಕಿಕೊಂಡು ಹೊಳೆಯಂತೆ ಹೊರಗೆ ಹರಿಯುತ್ತದೆ. ಇದೇ ಸೆಳೆತ. ವಿಪರ್ಯಾಸವೆಂದರೆ ಈ ಜಾಗವೇ ಕಣ್ಣಿಗೆ ಶಾಂತವಾಗಿ ಕಾಣುತ್ತದೆ. ಎರಡೂ ಕಡೆ ಬಿಳಿ ನೊರೆ, ನಡುವೆ ನೊರೆಯಿಲ್ಲದ, ಸ್ವಲ್ಪ ಬಗ್ಗಡದ ಪಟ್ಟಿ ಕಂಡರೆ ಅಲ್ಲಿ ಕಾಲೂ ಇಡಬೇಡಿ. ಈಜು ಬಲ್ಲವರೂ ಇಲ್ಲಿ ಮುಳುಗುತ್ತಾರೆ, ಏಕೆಂದರೆ ಅವರು ಸೆಳೆತಕ್ಕೆ ಎದುರಾಗಿ ದಡಕ್ಕೇ ಈಜಲು ಹೋಗಿ ಸುಸ್ತಾಗುತ್ತಾರೆ. ಸಿಕ್ಕಿಕೊಂಡರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬರಬೇಕು. ಎಂಟು ವರ್ಷದ ಹುಡುಗನಿಗೆ ಇದು ಹೇಳಿಕೊಟ್ಟು ಆಗುವ ಮಾತಲ್ಲ. ಮೊಣಕಾಲಿನವರೆಗೆ, ನಿಮ್ಮ ಕೈ ಹಿಡಿದು, ಅಷ್ಟೇ. ನವೆಂಬರ್‌ನಲ್ಲಾದರೆ ಅದೂ ಬೇಡ. ಬೀಚ್ ರೋಡ್‌ನ ಬಂಡೆಗಳ ಮೇಲೆ ಇಳಿಯಲೂ ಬಿಡಬೇಡಿ. ಅಲೆ ತಾಗುವ ಬಂಡೆಗಳಿಗೆ ಹಸಿರು ಪಾಚಿ ಕಟ್ಟಿರುತ್ತದೆ, ನಡುವಿನ ಸಂದಿಗಳು ಆಳ. ಫೋಟೊಕ್ಕೆಂದು ಇಳಿದವರು ಕಾಲು ಮುರಿದುಕೊಳ್ಳುವುದು ಅಲ್ಲೇ.

ನೀರಿಗೆ ಇಳಿಯಲೇಬೇಕೆಂದರೆ ಊರಿನ ದಕ್ಷಿಣಕ್ಕೆ ಚಿನ್ನ ವೀರಾಂಪಟ್ಟಿಣಂನ ಈಡನ್ ಬೀಚ್‌ಗೆ ಹೋಗಿ. ನಮ್ಮ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಸಿಕ್ಕ ‘ಬ್ಲೂ ಫ್ಲ್ಯಾಗ್’ ಮಾನ್ಯತೆ 2021ರಲ್ಲಿ ಈಡನ್‌ಗೂ ಸಿಕ್ಕಿತು. ಗುರುತು ಮಾಡಿದ ಸ್ನಾನದ ಜಾಗ, ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ ಇರಬೇಕೆಂಬುದು ಆ ಮಾನ್ಯತೆಯ ಷರತ್ತು. ಜೀವರಕ್ಷಕ ಕಣ್ಣಿಗೆ ಕಾಣುವಾಗ, ಗುರುತಿನ ಒಳಗೆ ಮಾತ್ರ. ಕಡಲೂರು ರಸ್ತೆಯಲ್ಲಿ ಸುಮಾರು 8 ಕಿ.ಮೀ. ದೂರದ ಚುನ್ನಂಬಾರ್ ದೋಣಿಮನೆಯಿಂದ ಹಿನ್ನೀರಿನಲ್ಲಿ ದೋಣಿಯೇರಿ ಪ್ಯಾರಡೈಸ್ ಬೀಚ್‌ಗೆ ಹೋಗುವುದು ಮಕ್ಕಳಿಗೆ ಬಲು ಇಷ್ಟ. ಅಲ್ಲಿಯೂ ಮರಳಾಟಕ್ಕೆ ಮಾತ್ರ. ಅತ್ತೆಯವರಿಗೆ ದೋಣಿಗೆ ಹತ್ತಿ ಇಳಿಯುವುದು ಕಷ್ಟವಾಗಬಹುದು. ಹವೆ ಕೆಟ್ಟರೆ ದೋಣಿ ನಿಲ್ಲಿಸುತ್ತಾರೆ. ಮಗನಿಗೆ ನಿಜವಾಗಿ ನೀರಾಟವೇ ಮುಖ್ಯವಾದರೆ ಈಜುಕೊಳವಿರುವ ಹೋಟೆಲ್ ನೋಡಿ, ಸಮುದ್ರವನ್ನು ಮರೆತುಬಿಡಿ.

ಯಜಮಾನರ ಸೂರ್ಯಾಸ್ತ: ಇದು ಪೂರ್ವ ಕರಾವಳಿ. ಮಲ್ಪೆ, ಗೋಕರ್ಣದ ಅಭ್ಯಾಸದಲ್ಲಿ ಸಂಜೆ ಕ್ಯಾಮೆರಾ ಹಿಡಿದು ನಿಂತರೆ ಸೂರ್ಯ ಬೆನ್ನ ಹಿಂದೆ, ಕಟ್ಟಡಗಳ ಮರೆಗೆ ಇಳಿದಿರುತ್ತಾನೆ. ಸಮುದ್ರದಿಂದ ಏಳುವುದನ್ನು ನೋಡಬಹುದು. ಜನವರಿ ಕೊನೆಯಲ್ಲಿ ಬೆಳಿಗ್ಗೆ ಸುಮಾರು 6:30ಕ್ಕೆ. 6ಕ್ಕೇ ಬೀಚ್ ರೋಡ್ ತಲುಪಿ. ಸಂಜೆಯಿಂದ ಬೆಳಿಗ್ಗೆ 7:30ರ ಸುಮಾರಿನವರೆಗೆ ಅಲ್ಲಿ ವಾಹನ ಬಿಡುವುದಿಲ್ಲ, ಒಂದೂವರೆ ಕಿಲೊಮೀಟರಿನೊಳಗಿನ ರಸ್ತೆಯಿಡೀ ನಡೆಯುವವರದೇ. ಹಳೆಯ ದೀಪಸ್ತಂಭ, ಗಾಂಧಿ ಪ್ರತಿಮೆಯ ಸುತ್ತ ಸೆಂಜಿಯಿಂದ ತಂದು ನಿಲ್ಲಿಸಿದ ಕೆತ್ತನೆಯ ಕಲ್ಲುಕಂಬಗಳು, ಎದುರಿಗೆ ಕೆಂಪಾಗುವ ನೀರು. ಅವರಿಗೆ ಬೇಕಾದ ಚಿತ್ರ ಅಲ್ಲಿದೆ. ಸೂರ್ಯಾಸ್ತವೇ ಬೇಕೆಂದು ಹಟವಿದ್ದರೆ ಊರಿನ ಪಶ್ಚಿಮಕ್ಕೆ ಔಸ್ಟೇರಿ ಕೆರೆಗೆ ಹೋಗಲಿ. ಚಳಿಗಾಲದಲ್ಲಿ ಹಕ್ಕಿಗಳೂ ಸಿಗುತ್ತವೆ.

ಈಗ ಬೀದಿ ಮತ್ತು ಕೋಣೆ. ನಿಮ್ಮ ಮನೆಮಂದಿಯನ್ನು ನೋಡಿದರೆ ಇಲ್ಲಿ ನಿರ್ಧಾರ ಮಾಡಬೇಕಾದದ್ದು ಅತ್ತೆಯವರ ಮಂಡಿ, ಕಿಟಕಿಯ ನೋಟವಲ್ಲ.

ಹಳೆಯ ಊರನ್ನು ಒಂದು ಕಾಲುವೆ ಎರಡಾಗಿ ಸೀಳುತ್ತದೆ. ಸಮುದ್ರದ ಕಡೆಯದು ಫ್ರೆಂಚರ ಬಿಳಿ ಊರು, ಅಂದರೆ ನೀವು ಹೇಳಿದ ವೈಟ್ ಟೌನ್, ಈಚೆಯದು ತಮಿಳು ಊರು. ಆಶ್ರಮದ ಮುಖ್ಯ ಕಟ್ಟಡ, ಮಣಕ್ಕುಳ ವಿನಾಯಕ ದೇವಸ್ಥಾನ, ಭಾರತಿ ಉದ್ಯಾನ ಎಲ್ಲವೂ ಬಿಳಿ ಊರಿನ ಒಳಗೇ, ಒಂದರಿಂದೊಂದು ಕೆಲವೇ ನಿಮಿಷದ ನಡಿಗೆ. ನೆಲ ಸಮತಟ್ಟು, ಬೀದಿಗಳು ಚೌಕುಳಿಯಂತೆ ನೇರ. ಮಂಡಿನೋವಿನವರಿಗೆ ಇದಕ್ಕಿಂತ ಅನುಕೂಲದ ಊರು ಸಿಗುವುದು ಅಪರೂಪ. ಆರೋವಿಲ್ ಕಡೆ ತಂಗಿದರೆ ಪ್ರತಿ ಸಲವೂ 8ರಿಂದ 12 ಕಿ.ಮೀ. ಆಟೊ ಅಥವಾ ಕಾರು, ಸಂಜೆ ಈಸ್ಟ್ ಕೋಸ್ಟ್ ರಸ್ತೆಯ ವಾಹನ ದಟ್ಟಣೆ ಬೇರೆ. ಮರಗಳ ನೆರಳು, ನಿಶ್ಶಬ್ದ ಬೇಕಾದ ದಂಪತಿಗೆ ಅದು ಚೆನ್ನ. ನಿಮಗೆ ಬೇಡ. ಹಾಗಾಗಿ ಬಿಳಿ ಊರು ಎಂಬ ನಿಮ್ಮ ಆಯ್ಕೆ ಸರಿ. ಆರಿಸಿದ ಕೋಣೆ ಮಾತ್ರ ಸರಿಯಲ್ಲ.

ಕಾರಣ ಹೇಳುತ್ತೇನೆ. ಆ ಹಳೆಯ ಮನೆಗಳ ಒಳಚಾವಣಿ 14–16 ಅಡಿ ಎತ್ತರ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿಗೆ ನಿಲ್ಲಿಸಿ ಗಾರೆ ಹಾಕಿ ಕಟ್ಟಿದ ‘ಮದ್ರಾಸ್ ಟೆರೇಸ್’. ಬಿಸಿ ಗಾಳಿ ಮೇಲೇರಿ ಕೋಣೆ ತಂಪಾಗಿರಲಿ ಎಂದು ಮಾಡಿದ್ದು. ಆದರೆ ಅಷ್ಟು ಎತ್ತರಕ್ಕೆ ಮೆಟ್ಟಿಲು ಲೆಕ್ಕ ಹಾಕಿ: 15 ಅಡಿ ಎಂದರೆ 180 ಅಂಗುಲ, ಮೆಟ್ಟಿಲಿಗೆ 7 ಅಂಗುಲ ಹಿಡಿದರೂ 25ಕ್ಕಿಂತ ಹೆಚ್ಚು. ‘ಮೊದಲ ಮಹಡಿ ತಾನೇ’ ಎನ್ನುವುದು ನಮ್ಮ ಈಗಿನ ಮನೆಗಳ ಒಂದೂವರೆ ಮಹಡಿಗೆ ಸಮ. ಪಾರಂಪರಿಕ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪ. ದಿನಕ್ಕೆ ಮೂರು ಸಲ ಹತ್ತಿಳಿದರೆ ಅತ್ತೆಯವರು ಎರಡನೆಯ ದಿನ ಕೋಣೆಯಲ್ಲೇ ಉಳಿಯುತ್ತಾರೆ. ಸಮುದ್ರ ಕಾಣುವ ಕೋಣೆಯಲ್ಲಿ ಕೂತು ಆಶ್ರಮ ನೋಡದೆ ಮರಳುವುದು ನಿಮಗೆ ಬೇಕೆ?

ಎರಡನೆಯದು, ‘ಸೀ ವ್ಯೂ’ ಎಂಬ ಮಾತು. ಬೀಚ್ ರೋಡ್‌ಗೆ ಮುಖ ಮಾಡಿದ ಕಟ್ಟಡಗಳಲ್ಲಿ ಬಹಳಷ್ಟು ಸರ್ಕಾರದವು, ಆಶ್ರಮದವು. ಹೋಟೆಲ್‌ಗಳು ಕೆಲವೇ. ಎರಡು ಬೀದಿ ಹಿಂದಿನ ಮನೆಯಲ್ಲಿ ‘ಸೀ ವ್ಯೂ’ ಎಂದರೆ ಸಾಮಾನ್ಯವಾಗಿ ಬಾಲ್ಕನಿಯ ಮೂಲೆಯಿಂದ ಎರಡು ಕಟ್ಟಡಗಳ ನಡುವೆ ಕಾಣುವ ನೀಲಿ ಗೀಟು, ಇಲ್ಲವೇ ಎಲ್ಲರಿಗೂ ಸೇರಿದ ತಾರಸಿಯ ನೋಟ. ‘ಹಾಸಿಗೆಯ ಮೇಲೆ ಕೂತರೆ ಸಮುದ್ರ ಕಾಣುತ್ತದೆಯೇ, ಕಿಟಕಿಯಿಂದ ತೆಗೆದ ಫೋಟೊ ವಾಟ್ಸ್‌ಆ್ಯಪ್ ಮಾಡಿ’ ಎಂದು ಕೇಳಿ. ಕಳಿಸದಿದ್ದರೆ ಉತ್ತರ ಸಿಕ್ಕಂತೆಯೇ. ಐದು ನಿಮಿಷ ನಡೆದರೆ ಪೂರ್ತಿ ಸಮುದ್ರವೇ ಎದುರಿಗಿರುವ ಊರಿನಲ್ಲಿ ಆ ಗೀಟಿಗೆ ಹೆಚ್ಚು ಹಣ ಕೊಡುವುದು ವ್ಯರ್ಥ.

ನಿಮಗೆ ಹೊಂದುವುದು ನೆಲಮಹಡಿಯಲ್ಲಿ, ಒಳಾಂಗಣಕ್ಕೆ ತೆರೆದುಕೊಳ್ಳುವ ಕೋಣೆ. ಅತ್ತೆಯವರು ಕುರ್ಚಿ ಎಳೆದುಕೊಂಡು ಅಂಗಳದಲ್ಲಿ ಕೂರಬಹುದು, ಮಗ ಕಣ್ಣೆದುರಿಗೇ ಆಡುತ್ತಾನೆ. ಇದರ ಕುಂದುಗಳನ್ನೂ ತಿಳಿದಿರಿ: ನೆಲಮಹಡಿಯಲ್ಲಿ ತೇವ ಹೆಚ್ಚು, ಸೊಳ್ಳೆ ಹೆಚ್ಚು. ಗಾರೆಯ ಗೋಡೆಗಳು ಉಪ್ಪುಗಾಳಿಗೆ ಬೆವರಿ ಅಲ್ಲಲ್ಲಿ ಉದುರಿರುತ್ತವೆ. ಅದು ಆ ಗೋಡೆಗಳ ಸ್ವಭಾವ, ಕೊಳಕಲ್ಲ. ಆದರೆ ಮುಗ್ಗಲು ವಾಸನೆ ಮೂಗಿಗೆ ಹೊಡೆದರೆ ಆ ಕ್ಷಣವೇ ಕೋಣೆ ಬದಲಿಸಲು ಕೇಳಿ. ರಾತ್ರಿ ಎ.ಸಿ. ಹಾಕಿದ ಮೇಲೆ ಅದು ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎತ್ತರದ ಕೋಣೆ ತಣಿಯಲು ಹೊತ್ತು ಹಿಡಿಯುತ್ತದೆ, ಮಲಗುವ ಒಂದು ಗಂಟೆ ಮೊದಲೇ ಎ.ಸಿ. ಹಾಕಿ. ಸಮುದ್ರದಂಚಿನ ಊರಾದ್ದರಿಂದ ನಲ್ಲಿ ನೀರು ಕೆಲವು ಕಡೆ ಉಪ್ಪುಪ್ಪಾಗಿರುತ್ತದೆ, ಕುಡಿಯಲು ಕ್ಯಾನ್ ನೀರನ್ನೇ ಬಳಸಿ.

ದೂರವಾಣಿಯಲ್ಲಿ ಮಾತಾಡುವಾಗ ಇವಿಷ್ಟನ್ನು ಬಿಡದೆ ಕೇಳಿ. ರಸ್ತೆಯಿಂದ ಹಾಸಿಗೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು, ಹೊಸ್ತಿಲು? ಹಳೆಯ ಮನೆಗಳ ಬಾಗಿಲಲ್ಲೇ ಎರಡು ಮೂರು ಎತ್ತರದ ಮೆಟ್ಟಿಲಿರುತ್ತವೆ, ಬಚ್ಚಲಿಗೆ ಇನ್ನೊಂದು. ಕಮೋಡ್ ಪಕ್ಕ ಹಿಡಿದೇಳಲು ಕಂಬಿ ಇದೆಯೇ? ಕರೆಂಟು ಹೋದರೆ ಜನರೇಟರ್ ಎ.ಸಿ.ಗೂ ಇದೆಯೇ, ಫ್ಯಾನಿಗೆ ಮಾತ್ರವೇ? ನಾಲ್ಕನೆಯವರಿಗೆ ಮಂಚವೇ, ನೆಲದ ಹಾಸಿಗೆಯೇ, ಅದಕ್ಕೆಷ್ಟು? ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯೇ? ಈ ಕೊನೆಯದು ಸಣ್ಣ ವಿಷಯವಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5, ಅದನ್ನು ದಾಟಿದರೆ ಶೇ 18. 7,500ರ ಕೋಣೆ ತೆರಿಗೆ ಸೇರಿ 7,875 ಆದರೆ, 7,600ರ ಕೋಣೆ 8,968 ಆಗುತ್ತದೆ. ನೂರು ರೂಪಾಯಿ ವ್ಯತ್ಯಾಸಕ್ಕೆ ಸಾವಿರಕ್ಕೂ ಹೆಚ್ಚು ತೆರುತ್ತೀರಿ.

ಎರಡು ಪರ್ಯಾಯಗಳನ್ನೂ ಯೋಚಿಸಿ. ಆಶ್ರಮದ ಅತಿಥಿಗೃಹಗಳು ಅಚ್ಚುಕಟ್ಟು, ಅಗ್ಗ. ಬೀಚ್ ರೋಡ್‌ನ ದಕ್ಷಿಣ ತುದಿಯ ಪಾರ್ಕ್ ಗೆಸ್ಟ್ ಹೌಸ್‌ನಲ್ಲಿ ಕೋಣೆಯಿಂದಲೇ ನಿಜವಾದ ಸಮುದ್ರ ಕಾಣುತ್ತದೆ. ಮದ್ಯ, ಧೂಮಪಾನ ಇಲ್ಲ, ರಾತ್ರಿ ಹತ್ತೂವರೆ ಸುಮಾರಿಗೆ ಗೇಟು ಮುಚ್ಚುತ್ತದೆ. ಅತ್ತೆಯವರಿಗೆ ಅದು ಹಬ್ಬ. ಯಜಮಾನರನ್ನು ಕೇಳಿ ನಿರ್ಧರಿಸಿ. ಬೇಗ ತುಂಬುತ್ತದೆ, ನೆಲಮಹಡಿಯ ಕೋಣೆ ಬೇಕೆಂದು ಮೊದಲೇ ಬರೆದು ತಿಳಿಸಿ. ಇನ್ನೊಂದು, ಕಾಲುವೆ ದಾಟಿ ಮಿಷನ್ ಸ್ಟ್ರೀಟ್, ನೆಹರು ಬೀದಿಯ ಕಡೆ ಲಿಫ್ಟ್ ಇರುವ ಸಾದಾ ಹೋಟೆಲ್. ಚೆಲುವು ಕಡಿಮೆ, ಆದರೆ ಬೆಳಿಗ್ಗೆ ಆರಕ್ಕೆ ಇಡ್ಲಿ, ಫಿಲ್ಟರ್ ಕಾಫಿ ಸಿಗುವುದು ಅಲ್ಲೇ. ಬಿಳಿ ಊರಿನ ಕೆಫೆಗಳು ತಡವಾಗಿ ಬಾಗಿಲು ತೆರೆಯುತ್ತವೆ, ಶುದ್ಧ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಬೆಲೆಯೂ ಜಾಸ್ತಿ. ಎಲ್ಲಿ ತಂಗಿದರೂ ಅತ್ತೆಯವರ ಊಟ–ತಿಂಡಿ ತಮಿಳು ಊರಿನಲ್ಲೇ ಇಟ್ಟುಕೊಳ್ಳಿ. ಆಟೊದವರಿಗೆ ‘ರ‍್ಯೂ’ (ಬೀದಿ) ಎಂದು ಫ್ರೆಂಚ್ ಹೆಸರು ಹೇಳಿದರೆ ತಿಳಿಯದಿರಬಹುದು, ತಮಿಳು ಹೆಸರು ಅಥವಾ ಹತ್ತಿರದ ಗುರುತು ಹೇಳಿ. ಮೀಟರ್ ಹಾಕುವವರು ಕಡಿಮೆ, ಹತ್ತುವ ಮೊದಲೇ ದರ ಮಾತಾಡಿ.

ಆಶ್ರಮ ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಹೊತ್ತು ತೆರೆದಿರುತ್ತದೆ, ನಡುವೆ ಮುಚ್ಚುತ್ತದೆ. ಬೆಳಿಗ್ಗೆ ತೆರೆದ ಕೂಡಲೇ ಹೋದರೆ ಸಮಾಧಿಯ ಬಳಿ ನೆಮ್ಮದಿಯಾಗಿ ಇರಬಹುದು. ಮೌನ ಕಡ್ಡಾಯ, ಮಗನಿಗೆ ಮೊದಲೇ ಹೇಳಿ ಕರೆದೊಯ್ಯಿರಿ. ಪಕ್ಕದ ವಿನಾಯಕ ದೇವಸ್ಥಾನದಲ್ಲಿ ಆನೆ ಆಶೀರ್ವಾದ ಮಾಡುತ್ತದೆ ಎಂದು ಹಳೆಯ ಬರಹಗಳಲ್ಲಿ ಈಗಲೂ ಇದೆ. ಆ ಆನೆ ಲಕ್ಷ್ಮಿ 2022ರ ನವೆಂಬರ್‌ನಲ್ಲಿ ತೀರಿಕೊಂಡಳು, ಮಗನಿಗೆ ಆ ಆಸೆ ಹುಟ್ಟಿಸಬೇಡಿ. ಆರೋವಿಲ್‌ನ ಧ್ಯಾನಮಂದಿರವಾದ ಮಾತೃಮಂದಿರದ ಒಳಕೋಣೆಗೆ ಮುಂಗಡ ನೋಂದಣಿ ಬೇಕು, ಹತ್ತು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಎಂದರೆ ನಿಮ್ಮಲ್ಲೊಬ್ಬರು ಮಗನ ಜೊತೆ ಹೊರಗೇ ಉಳಿಯಬೇಕು. ಹೊರಗಿನಿಂದ ನೋಡುವ ಜಾಗಕ್ಕೆ ವಿಸಿಟರ್ಸ್ ಸೆಂಟರ್‌ನಲ್ಲಿ ಪಾಸು ಉಚಿತ. ಮರಗಳ ನಡುವೆ ಸುಮಾರು ಒಂದು ಕಿ.ಮೀ. ನಡಿಗೆ. ನಡೆಯಲಾಗದ ಹಿರಿಯರಿಗೆ ವಾಹನವಿದೆಯೇ ಎಂದು ಪಾಸು ಪಡೆಯುವಾಗಲೇ ವಿಚಾರಿಸಿ.

ಕಾರಿನ ಬಗ್ಗೆ. ದಾವಣಗೆರೆಯಿಂದ ಬೆಂಗಳೂರು, ಅಲ್ಲಿಂದ ಹೊಸೂರು, ಕೃಷ್ಣಗಿರಿ, ತಿರುವಣ್ಣಾಮಲೈ, ಸೆಂಜಿ, ತಿಂಡಿವನಂ ದಾಟಿ ಪುದುಚೇರಿ. ಬೆಂಗಳೂರಿನಿಂದಲೇ 310 ಕಿ.ಮೀ. ಆಸುಪಾಸು, ನಿಮ್ಮೂರಿಂದ ಸೇರಿದರೆ 570ರ ಹತ್ತಿರ. ಮಂಡಿ ಮಡಚಿ ಇಡೀ ದಿನ ಕೂರುವುದು ಅತ್ತೆಯವರಿಗೆ ಆಗದ ಮಾತು. ಕಾರೇ ಎಂದರೆ ಹೋಗುವಾಗ ತಿರುವಣ್ಣಾಮಲೈಯಲ್ಲಿ ಒಂದು ರಾತ್ರಿ ಉಳಿಯಿರಿ. ಹುಣ್ಣಿಮೆಯ ರಾತ್ರಿ ಮಾತ್ರ ಆ ಊರಿನ ಹತ್ತಿರ ಸುಳಿಯಬೇಡಿ. ಗಿರಿವಲಕ್ಕೆ, ಅಂದರೆ ಬೆಟ್ಟದ ಪ್ರದಕ್ಷಿಣೆಗೆ, ಬರುವ ಲಕ್ಷಾಂತರ ಜನರಿಂದ ರಸ್ತೆ ಕಟ್ಟಿಹೋಗುತ್ತದೆ. ನವೆಂಬರ್–ಡಿಸೆಂಬರ್‌ನಲ್ಲಿ ಬರುವ ಕಾರ್ತಿಕ ದೀಪದಂದು ಇನ್ನೂ ಹೆಚ್ಚು. ಪುದುಚೇರಿ ತಲುಪಿದ ಮೇಲೆ ಕಾರು ಉಪಯೋಗಕ್ಕಿಂತ ಹೊರೆಯೇ ಹೆಚ್ಚು: ಬಿಳಿ ಊರಿನ ಬೀದಿಗಳು ಬಹುಪಾಲು ಏಕಮುಖ, ಹಳೆಯ ಮನೆಗಳಿಗೆ ನಿಲುಗಡೆ ಇಲ್ಲ, ಬೀಚ್ ರೋಡ್‌ನಲ್ಲಿ ಹೋಟೆಲಾದರೆ ಸಂಜೆ 6ರ ನಂತರ ಬಾಗಿಲವರೆಗೆ ಹೋಗಲಾಗದು. ಇನ್ನೊಂದು ವಿಷಯವನ್ನು ಯಜಮಾನರಿಗೆ ಸ್ಪಷ್ಟವಾಗಿ ಹೇಳಿಬಿಡಿ. ಪುದುಚೇರಿಯಲ್ಲಿ ಮದ್ಯ ಅಗ್ಗ, ಸುತ್ತಲೂ ತಮಿಳುನಾಡು. ಬಾಟಲಿ ಕಾರಿನಲ್ಲಿಟ್ಟು ಗಡಿ ದಾಟಿದರೆ ತಪಾಸಣಾ ಠಾಣೆಯಲ್ಲಿ ಕೇಸು, ಕಾರು ಜಪ್ತಿಯಾಗುವುದೂ ಉಂಟು. ಆರೋವಿಲ್‌ನ ಹೆಚ್ಚಿನ ಭಾಗ ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯಲ್ಲಿದೆ, ಊರಿನಿಂದ ಅಲ್ಲಿಗೆ ಒಯ್ದರೂ ಗಡಿ ದಾಟಿದಂತೆಯೇ.

ನವೆಂಬರ್ ಬಿಟ್ಟರೆ ಸಾಧ್ಯವೇ ಇಲ್ಲ ಎನ್ನುವುದಾದರೆ ಹೀಗೆ ಮಾಡಿ. ಹಿಂದಿನ ದಿನದವರೆಗೆ, ಕನಿಷ್ಠ ಮೂರು ದಿನ ಮೊದಲಿನವರೆಗೆ ಉಚಿತವಾಗಿ ರದ್ದಾಗುವ ಕೋಣೆಯನ್ನೇ ಹಿಡಿಯಿರಿ, ಹೆಚ್ಚು ಬೆಲೆಯಾದರೂ ಸರಿ. ಕೋಣೆ ಊರೊಳಗೇ ಇರಲಿ, ಕಡಲಂಚಿನ ರೆಸಾರ್ಟ್ ಬೇಡ. ಹೊರಡುವ ಐದು ದಿನ ಮೊದಲಿಂದ ಹವಾಮಾನ ಇಲಾಖೆಯ ಪ್ರಕಟಣೆ ನೋಡುತ್ತಾ ಬನ್ನಿ. ಚಂಡಮಾರುತದ ಮುನ್ಸೂಚನೆಯನ್ನು ಇಲಾಖೆ ಹಂತಹಂತವಾಗಿ ಕೊಡುತ್ತದೆ: ಸುಮಾರು 72 ಗಂಟೆ ಮೊದಲು ಪೂರ್ವ ನಿಗಾ, 48 ಗಂಟೆ ಮೊದಲು ಜಾಗೃತಿ, 24 ಗಂಟೆ ಮೊದಲು ಎಚ್ಚರಿಕೆ. ಮೊದಲ ಹಂತದಲ್ಲೇ ರದ್ದು ಮಾಡಿ, ಎರಡನೆಯದಕ್ಕೆ ಕಾಯಬೇಡಿ. ಸುದ್ದಿಯಲ್ಲಿ ಬರುವ ‘ಪುದುಚೇರಿಗೆ ಎಚ್ಚರಿಕೆ’ ಯಾವ ಪುದುಚೇರಿ ಎಂದೂ ನೋಡಿಕೊಳ್ಳಿ. ಆ ಕೇಂದ್ರಾಡಳಿತ ಪ್ರದೇಶದಲ್ಲಿ ಕಾರೈಕಾಲ್, ಆಂಧ್ರದ ನಡುವಿನ ಯಾನಂ, ಕೇರಳದ ಮಾಹೆಯೂ ಸೇರಿವೆ. ಯಾನಂಗೆ ಕೊಟ್ಟ ಎಚ್ಚರಿಕೆ ನೋಡಿ ನೀವು ಕೋಣೆ ರದ್ದು ಮಾಡಬೇಕಿಲ್ಲ.

ನನ್ನ ಸಲಹೆ ಫೆಬ್ರವರಿ, ಬಿಳಿ ಊರು, ನೆಲಮಹಡಿ, ರೈಲು. ದಾದರ್–ಪುದುಚೇರಿ ಚಾಲುಕ್ಯ ಎಕ್ಸ್‌ಪ್ರೆಸ್ ವಾರದಲ್ಲಿ ಮೂರು ದಿನ ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಹಾದು ನೇರ ಪುದುಚೇರಿಗೇ ಹೋಗುತ್ತದೆ. ಪುದುಚೇರಿ ನಿಲ್ದಾಣ ಬಿಳಿ ಊರಿನ ದಕ್ಷಿಣ ತುದಿಗೆ ಹತ್ತಿರ, ಆಟೊದಲ್ಲಿ ಕೆಲವೇ ನಿಮಿಷ. ಮುಂಗಡ ಟಿಕೆಟ್ 60 ದಿನ ಮೊದಲು ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಆ 60 ದಿನವನ್ನು ಎಣಿಸುವುದು ರೈಲು ದಾದರ್ ಬಿಡುವ ದಿನಾಂಕದಿಂದ, ನಿಮ್ಮೂರಿಗೆ ಬರುವ ದಿನದಿಂದಲ್ಲ. ಅದು ದಾದರ್ ಬಿಡುವುದು ಹಿಂದಿನ ರಾತ್ರಿ, ಆದ್ದರಿಂದ ಒಂದು ದಿನ ಮೊದಲೇ ನೋಡಿ. ಟಿಕೆಟ್ ಮಾಡುವಾಗ ಅತ್ತೆಯವರ ವಯಸ್ಸು ಸರಿಯಾಗಿ ತುಂಬಿ, ಕೆಳಗಿನ ಬರ್ತ್ ಎಂದು ಗುರುತು ಹಾಕಿ. ಮೊದಲ ದಿನವೇ ಮಾಡಿದರೆ ಸಿಗುವ ಸಾಧ್ಯತೆ ಹೆಚ್ಚು. ಬರುವಾಗಿನ ಟಿಕೆಟನ್ನೂ ಹಾಗೆಯೇ, ಅದರ ದಿನ ಬಂದ ಕೂಡಲೇ ಮಾಡಿಬಿಡಿ. ಕೋಣೆಯನ್ನು ಹಿಡಿಯುವುದು ಈ ಎರಡೂ ಟಿಕೆಟ್ ಕೈಗೆ ಬಂದ ಮೇಲೆ.